ಮಳೆಯ ಪುಸ್ತಕ

ಮಕ್ಕಳಿಗೆ ಮನೆಯಲ್ಲಿಯೇ ಪಾಠ ಹೇಳುವುದು ಎಷ್ಟು ಸುಲಭವೆಂಬುದನ್ನು ಮಕ್ಕಳಿಲ್ಲದವರ ಬಾಯಿಂದ ಕೇಳಬೇಕು. ಉಳಿದವರು ಆ ವಿಷಯವೆತ್ತಿದರೆ ಮಾತು ಬದಲಿಸುತ್ತಾರೆ. ಬೆಂಗಳೂರಿನ ಬಸವನಗುಡಿಯಲ್ಲಿ, ಕಹಳೆ ಬಂಡೆಯ ಉದ್ಯಾನಕ್ಕೆ ಹತ್ತಿರದ ಒಂದು ಮನೆಯಲ್ಲಿಯೂ 2020ರ ಮಾರ್ಚ್ ತಿಂಗಳವರೆಗೆ ಆ ಕೆಲಸ ಸುಲಭವೆಂದೇ ಎಲ್ಲರ ನಂಬಿಕೆಯಾಗಿತ್ತು. ಶಾಲೆಗಳು ಇದ್ದುವಲ್ಲ, ನಂಬುವುದಕ್ಕೆ ಅಡ್ಡಿಯೇನು?

ಮನೆಯಲ್ಲಿ ನಾಲ್ವರು. ಯಜಮಾನರು ಕಂಪ್ಯೂಟರ್ ಕಂಪೆನಿಯೊಂದರಲ್ಲಿ ಇಂಜಿನಿಯರು. ಮನೆಯಾಕೆ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಮಗಳು ಹುಟ್ಟುವವರೆಗೆ ಕಾಲೇಜಿನಲ್ಲಿ ಪಾಠ ಹೇಳಿದವರು. ಅತ್ತೆ ಮಾಗಡಿ ಕಡೆಯ ಹಳ್ಳಿಯಿಂದ ಬಂದವರು, ಎಪ್ಪತ್ತೆರಡು ವರ್ಷ, ಓದು ನಾಲ್ಕನೆಯ ತರಗತಿಗೆ ನಿಂತಿತ್ತು. ನಾಲ್ಕನೆಯ ವ್ಯಕ್ತಿ ಐದು ವರ್ಷದ ಮಗಳು. ಆಕೆಗೆ ಶಾಲೆಯ ದಾಖಲೆಯಲ್ಲಿ ಬೇರೆ ಉದ್ದನೆಯ ಹೆಸರಿದ್ದರೂ ಮನೆಯಲ್ಲಿ ಪುಟ್ಟಿಯೇ.

ಆ ವರ್ಷ ಯುಗಾದಿ ಮಾರ್ಚ್ 25ರಂದು ಬಂತು. ದೇಶವೆಲ್ಲ ಬಾಗಿಲು ಮುಚ್ಚಿಕೊಂಡ ಮೊದಲ ದಿನವೂ ಅದೇ. ಗಾಂಧಿಬಜಾರಿನಿಂದ ಬೇವಿನ ಹೂ ತರುವಂತಿರಲಿಲ್ಲ. ಯಜಮಾನರು ಬೀದಿಯ ತಿರುವಿನ ಬೇವಿನ ಮರದಿಂದ ಒಂದು ಸಣ್ಣ ರೆಂಬೆ ಮುರಿದು ತಂದರು. ಬೇವು ಮರದಲ್ಲಿ ಬೆಳೆಯುತ್ತದೆಂಬುದು ಪುಟ್ಟಿಗೆ ಅಂದು ತಿಳಿಯಿತು. ಅದುವರೆಗೆ ಅದು ಪೊಟ್ಟಣದಲ್ಲಿ ಬರುವ ಪದಾರ್ಥವಾಗಿತ್ತು.

ಶಾಲೆ ಬೇಗ ತೆರೆಯುವ ಲಕ್ಷಣ ಕಾಣದಿದ್ದಾಗ ತಾಯಿ ಸೆರಗು ಸಿಕ್ಕಿಸಿ ನಿಂತರು. ಅರ್ಧಂಬರ್ಧ ಕೆಲಸ ಅವರ ಜಾಯಮಾನದಲ್ಲಿಲ್ಲ. ನಡುಮನೆಯ ಗೋಡೆಗೆ ವರ್ಣಮಾಲೆಯ ಪಟ ಬಂತು: ಅ ಅರಸ, ಆ ಆನೆ, ಇ ಇಲಿ, ಋ ಋಷಿ. ಙ, ಞ ಅಕ್ಷರಗಳ ಚೌಕಗಳಲ್ಲಿ ಎಂದಿನಂತೆ ಚಿತ್ರವಿರಲಿಲ್ಲ. ಪಟದ ಕೆಳಗೆ ವೇಳಾಪಟ್ಟಿ: ಒಂಬತ್ತಕ್ಕೆ ಅಕ್ಷರ, ಒಂಬತ್ತೂವರೆಗೆ ಎಣಿಕೆ, ಹತ್ತಕ್ಕೆ ಕಥೆ, ಹತ್ತೂವರೆಗೆ ಪ್ರಕೃತಿ ಪಾಠ. ಕಪಾಟಿನಲ್ಲಿ ರಾಜರತ್ನಂ ಅವರ ಮಕ್ಕಳ ಪದ್ಯಗಳು, ಪಂಜೆ ಮಂಗೇಶರಾಯರ ಕಥೆಗಳು, ಕುವೆಂಪು ಅವರ ಕಿಂದರಿಜೋಗಿ, ಶಿವರಾಮ ಕಾರಂತರ ‘ಬಾಲಪ್ರಪಂಚ’ದ ಹಳೆಯ ಸಂಪುಟವೊಂದು ಸಾಲಾಗಿ ನಿಂತವು. ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ತೆರೆದ ಗಿಜುಭಾಯಿ ಬಧೇಕಾ ಅವರ ವಿಚಾರ, ಯುದ್ಧದ ವರ್ಷಗಳನ್ನು ಭಾರತದಲ್ಲಿಯೇ ಕಳೆದ ಮಾರಿಯಾ ಮಾಂಟೆಸ್ಸೊರಿಯವರ ವಿಚಾರ, ಎಲ್ಲವನ್ನೂ ಆಕೆ ರಾತ್ರಿ ಕುಳಿತು ಓದಿ ಗುರುತು ಹಾಕಿಕೊಂಡರು.

ಮೊದಲ ವಾರ ಚೆನ್ನಾಗಿಯೇ ನಡೆಯಿತು. ಎರಡನೆಯ ವಾರ ಪುಟ್ಟಿಗೆ ಒಂಬತ್ತು ಗಂಟೆಗೆ ಸರಿಯಾಗಿ ಹೊಟ್ಟೆನೋವು ಬರಲಾರಂಭಿಸಿತು. ಹತ್ತು ಗಂಟೆಯ ಕಥೆಯ ವೇಳೆಗೆ ಅದು ಗುಣವಾಗುತ್ತಿತ್ತು. ಮೂರನೆಯ ವಾರ ವರ್ಣಮಾಲೆ ‘ಉ’ಕಾರದ ಬಳಿ ಬಂದು ಜಟಕಾ ಕುದುರೆಯಂತೆ ನಿಂತುಬಿಟ್ಟಿತು. ಪಟದ ಉಡವನ್ನು ಪುಟ್ಟಿ ಎಂದೂ ಕಂಡವಳಲ್ಲ, ಕಾಣುವ ಆಸೆಯೂ ಅವಳಿಗಿರಲಿಲ್ಲ. “ಉಡ ಎಲ್ಲಿರತ್ತೆ?” “ಕಾಡಿನಲ್ಲಿ.” “ಕಾಡಿಗೆ ಹೋಗೋಣ.” “ಈಗ ಹೋಗುವ ಹಾಗಿಲ್ಲ.” “ಹಾಗಾದರೆ ಉ ಬೇಡ.” ಈ ತರ್ಕಕ್ಕೆ ಯಾವ ಶಿಕ್ಷಣತಜ್ಞರ ಪುಸ್ತಕದಲ್ಲಿಯೂ ಉತ್ತರ ದೊರೆಯಲಿಲ್ಲ.

ಅತ್ತೆ ಇದನ್ನೆಲ್ಲ ಅಡಿಗೆಮನೆಯ ಬಾಗಿಲಲ್ಲಿ ಕುಳಿತು ಕೇಳುತ್ತಿದ್ದರು. ನೋಡುತ್ತಿದ್ದರೆಂದು ಹೇಳುವಂತಿಲ್ಲ; ಎರಡು ಕಣ್ಣಿಗೂ ಪೊರೆ ಬಂದಿತ್ತು. ಏಪ್ರಿಲ್‌ನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದು ದಿನ ಗೊತ್ತಾಗಿದ್ದುದು, ತುರ್ತಲ್ಲದ ಚಿಕಿತ್ಸೆಗಳೆಲ್ಲ ಮುಂದೆ ಹೋದ ಆ ದಿನಗಳಲ್ಲಿ ಹಾಗೆಯೇ ಮುಂದೆ ಹೋಗಿತ್ತು. ಅದಕ್ಕಾಗಿ ಅವರು ಯಾರಲ್ಲಿಯೂ ದೂರಲಿಲ್ಲ. ಆದರೆ ಒಂದು ಸಂಕಟವಿತ್ತು. ಊರು ಬಿಟ್ಟು ಐವತ್ತು ವರ್ಷವಾದರೂ, ಬಿತ್ತುವುದಕ್ಕೆ ಒಂದು ಗುಂಟೆ ನೆಲವಿಲ್ಲದಿದ್ದರೂ, ಯಾವ ಮಳೆ ಎಂದು ಹುಟ್ಟುತ್ತದೆಂಬುದನ್ನು ಪಂಚಾಂಗದಲ್ಲಿ ನೋಡಿ ತಿಳಿದುಕೊಳ್ಳದೆ ಅವರಿಗೆ ಸಮಾಧಾನವಾಗುತ್ತಿರಲಿಲ್ಲ. ಆ ವರ್ಷ ಪಂಚಾಂಗದ ಸಣ್ಣ ಅಕ್ಷರ ಅವರ ಕಣ್ಣಿಗೆ ಇರುವೆಯ ಸಾಲಿನಂತೆ ಕಾಣತೊಡಗಿತ್ತು.

ಏಪ್ರಿಲ್ ಕೊನೆಯ ಒಂದು ಸಂಜೆ ಗಾಳಿ ಎದ್ದು ಮಣ್ಣಿನ ವಾಸನೆ ಬಂತು. ಅಜ್ಜಿ ಪಂಚಾಂಗ ಹಿಡಿದು ಮೊಮ್ಮಗಳನ್ನು ಕರೆದರು.

“ಪುಟ್ಟಿ, ಇಲ್ಲಿ ‘ಭರಣಿ’ ಅಂತ ಎಲ್ಲಿದೆ ನೋಡೇ. ನನಗೆ ಕಾಣೋದಿಲ್ಲ.”

“ನನಗೆ ಓದೋಕೆ ಬರೋದಿಲ್ಲ ಅಜ್ಜಿ. ನಾನಿನ್ನೂ ಉ.”

“ಉ ಆಮೇಲೆ ನೋಡಿಕೊಳ್ಳೋಣ. ಭ ಹೀಗಿರುತ್ತೆ.” ಎಂದು ಅಜ್ಜಿ ಮೊರದಲ್ಲಿ ರಾಗಿ ಹರವಿ ಬೆರಳಿನಿಂದ ತಿದ್ದಿ ತೋರಿಸಿದರು. ಆಮೇಲೆ ರ. ಆಮೇಲೆ ಣಿ. ಪುಟ್ಟಿ ಪಂಚಾಂಗದ ಮೇಲೆ ಬಹಳ ಹೊತ್ತು ಬಗ್ಗಿ, ಕಡೆಗೆ ಒಂದು ಕಡೆ ಬೆರಳಿಟ್ಟಳು. ಅದೇ ಭರಣಿ. ಅಜ್ಜಿ ನಂಬಿದರು, ನಂಬದೆ ಬೇರೆ ದಾರಿಯಿರಲಿಲ್ಲ. ಆ ಮಗುವಿನ ಜೀವನದಲ್ಲಿ ಯಾರೋ ಒಬ್ಬರಿಗೆ ನಿಜವಾಗಿ ಬೇಕಾದ ಓದು ಅದೇ ಮೊದಲು.

“ಭರಣಿ ಮಳೆ ಬಿದ್ದರೆ ಧರಣಿಯೆಲ್ಲ ಬೆಳೆ,” ಎಂದು ಅಜ್ಜಿ ಗಾದೆ ಹೇಳಿದರು. ಮಾರನೆಯ ದಿನ ಒಂಬತ್ತು ಗಂಟೆಗೆ ಪುಟ್ಟಿಗೆ ಹೊಟ್ಟೆನೋವು ಬರಲಿಲ್ಲ. ಮೊರದ ಮುಂದೆ ಕುಳಿತು ಭರಣಿ, ಧರಣಿ ಎರಡನ್ನೂ ತಿದ್ದುತ್ತಿದ್ದಳು.

ಪಟ್ಟಣದ ಇಂದಿನ ಮನೆಗಳಲ್ಲಿ ಮಳೆಗೆ ಹೆಸರಿರುವುದನ್ನು ಬಲ್ಲವರು ಕಡಮೆ. ಸೂರ್ಯನು ವರ್ಷವೊಂದರಲ್ಲಿ ಇಪ್ಪತ್ತೇಳು ನಕ್ಷತ್ರಗಳನ್ನು ಹಾದುಹೋಗುತ್ತಾನೆಂಬ ಲೆಕ್ಕದಿಂದ ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನಗಳು ಬರುತ್ತವೆ; ಸೂರ್ಯನಿರುವ ನಕ್ಷತ್ರವೇ ಮಳೆಯ ಹೆಸರು. ಯುಗಾದಿ ಚಾಂದ್ರಮಾನದ ಹಬ್ಬವಾದ್ದರಿಂದ 2020ರಲ್ಲಿ ಮಾರ್ಚ್ 25ಕ್ಕೆ ಬಂದದ್ದು ಮರುವರ್ಷ ಏಪ್ರಿಲ್ 13ಕ್ಕೆ ಜಿಗಿಯಿತು. ಮಳೆಗಳು ಹಾಗೆ ಜಿಗಿಯುವುದಿಲ್ಲ. ಭರಣಿ ಏಪ್ರಿಲ್ ಕೊನೆಗೆ, ರೋಹಿಣಿ ಮೇ ಕೊನೆಗೆ, ಆರಿದ್ರಾ ಜೂನ್ ಮೂರನೆಯ ವಾರ ಕಳೆಯುತ್ತಲೂ ಹುಟ್ಟಿಯೇ ಹುಟ್ಟುತ್ತವೆ. ಹುಟ್ಟಿದ ಮೇಲೆ ಸುರಿಯುವುದು ಬಿಡುವುದು ಬೇರೆ ಮಾತು.

ಅಜ್ಜಿಯ ಅಪ್ಪಣೆಯಂತೆ ಒಂದು ನೂರು ಪುಟದ ಪುಸ್ತಕ ಬಂತು. ಅದರ ಮೇಲೆ ಪುಟ್ಟಿ ಹೇಳಿದಂತೆ ತಂದೆ ‘ಮಳೆ ಪುಸ್ತಕ’ ಎಂದು ಬರೆದರು. ತಾರೀಖು, ಮಳೆಯ ಹೆಸರು, ಬಿದ್ದ ನೀರು, ಕಂಡದ್ದು ಎಂದು ನಾಲ್ಕು ಅಂಕಣ. ಬಿದ್ದ ನೀರನ್ನು ಅಳೆಯಲು ತಾರಸಿಯ ಮೇಲೆ ಒಂದು ಶರಬತ್ತಿನ ಬಾಟಲಿ ಇಟ್ಟರು. ಅದರ ಬಾಯಿ ಕಿರಿದು, ಹೊಟ್ಟೆ ಅಗಲ. ಅಂಥ ಬಾಟಲಿ ಎಂದಿಗೂ ನಿಜ ಹೇಳುವುದಿಲ್ಲವೆಂದೂ ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ ಗಾಜಿನ ಪಾತ್ರೆಯೇ ಆಗಬೇಕೆಂದೂ ಯಜಮಾನರು ತೀರ್ಪಿತ್ತರು. ಈ ವಿದ್ಯಾಭ್ಯಾಸದಲ್ಲಿ ಅವರ ಮುಖ್ಯ ಕಾಣಿಕೆ ಇದೇ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು ಎಂದು ಅವರು ಹೇಳಿಕೊಟ್ಟರು. ಮೂವತ್ತು ಅಡಿಗೆ ನಲವತ್ತರ ತಮ್ಮ ನಿವೇಶನದ ಮೇಲೆ ಇಪ್ಪತ್ತು ಮಿಲಿಮೀಟರ್ ಸುರಿದ ರಾತ್ರಿ ಎರಡು ಸಾವಿರ ಲೀಟರಿಗೂ ಹೆಚ್ಚು ನೀರು ಮೋರಿಯ ಪಾಲಾಯಿತೆಂದು ಲೆಕ್ಕ ಹಾಕಿ ತಾವೇ ಬೆರಗಾದರು. ಅದೇ ತಿಂಗಳು ನೀರಿನ ಟ್ಯಾಂಕರಿಗೆ ದುಡ್ಡು ತೆತ್ತಿದ್ದರು.

ಮೇ ತಿಂಗಳಲ್ಲಿ ಕೃತ್ತಿಕೆ ಬಂದಾಗ ಅತ್ತೆ ಸೊಸೆಯರಿಗೆ ಸಣ್ಣದೊಂದು ಮನಸ್ತಾಪವಾಯಿತು.

“ಅತ್ತೆ, ಇನ್ನೂ ಕಾಗುಣಿತವೇ ಆಗಿಲ್ಲ. ವಟ್ರಸುಳಿ, ಒತ್ತಕ್ಷರ ಎಲ್ಲ ಒಟ್ಟಿಗೇ ಬಂದರೆ ಮಗುವಿಗೆ ಗೊಂದಲವಾಗೋದಿಲ್ಲವೇ?”

“ನಾನೇನು ಮಾಡಲಮ್ಮ? ಭರಣಿ ಆದಮೇಲೆ ಬರೋದು ಕೃತ್ತಿಕೆಯೇ. ಕಾಗುಣಿತ ಮುಗೀಲಿ, ನಿಲ್ಲು ಅಂದರೆ ಮಳೆ ನಿಲ್ಲುತ್ತದೆಯೇ?”

ಸೊಸೆ ಮಾತನಾಡಲಿಲ್ಲ. ಆದರೆ ಆ ದಿನ ಮಧ್ಯಾಹ್ನ ಪುಟ್ಟಿಯನ್ನು ಕರೆದು ಪರೀಕ್ಷಿಸಿದರು. ‘ಕೃತ್ತಿಕೆ’ಯನ್ನು ಹುಡುಗಿ ಥಟ್ಟನೆ ಓದಿದಳು. ‘ಕೃಷಿ’ ಎಂದು ಬರೆದು ತೋರಿಸಿದರೆ ಪಿಳಿಪಿಳಿ ನೋಡಿದಳು. ತಾಯಿಯ ಶಂಕೆ ನಿಜವಾಗಿತ್ತು: ಅದು ಓದಲ್ಲ, ಮುಖ ನೋಡಿ ಗುರುತು ಹಿಡಿಯುವುದು. ವಿದ್ಯೆಗೆ ಕ್ರಮವೆಂಬುದೊಂದಿದೆ, ಅಜ್ಜಿಯರ ಅಕ್ಕರೆಯೊಂದರಿಂದಲೇ ಅಕ್ಷರ ಬರುವುದಾದರೆ ಊರ ಮಕ್ಕಳೆಲ್ಲ ಪಂಡಿತರಾಗುತ್ತಿದ್ದರು. ತಾಯಿ ಬೇಸರದಿಂದ ವೇಳಾಪಟ್ಟಿಯನ್ನು ಮತ್ತೆ ಬಿಗಿ ಮಾಡಿದರು.

ಜೂನ್ ಎರಡನೆಯ ವಾರ. ಬೆಳಿಗ್ಗೆ ಅಜ್ಜಿ ಹೊಸ ಮಳೆಯ ಹೆಸರು ಕೇಳಿದರು. ಪಂಚಾಂಗದ ಮೇಲೆ ಬಗ್ಗಿದ್ದ ಪುಟ್ಟಿ ಒಮ್ಮೆಲೇ ಕೂಗಿದಳು: “ಅಮ್ಮಾ, ಇಲ್ಲೂ ಕೃತ್ತಿಕೆಯ ಬಾಲ ಇದೆ! ಮ ಕೆಳಗೆ! ಮೃ... ಮೃಗ...” ಒಲೆಯ ಮೇಲೆ ಹಾಲು ಉಕ್ಕುತ್ತಿದ್ದುದನ್ನು ಹಾಗೆಯೇ ಬಿಟ್ಟು ತಾಯಿ ಹೊರಗೆ ಬಂದರು. ‘ಕೃಷಿ’ ಎಂದು ಮತ್ತೊಮ್ಮೆ ಬರೆದು ತೋರಿಸಿದರು. ಹುಡುಗಿ ಓದಿದಳು.

ಆ ದಿನ ಹಾಲು ಸೀದುಹೋಯಿತು. ಮರುದಿನ ವರ್ಣಮಾಲೆಯ ಪಟ ಗೋಡೆಯಲ್ಲಿಯೇ ಇತ್ತು, ವೇಳಾಪಟ್ಟಿ ಮಾತ್ರ ಇರಲಿಲ್ಲ. ಅಂದಿನಿಂದ ಮಳೆ ಬಂದಂತೆ ಪಾಠ. ಆದರೆ ಪ್ರತಿಯೊಂದು ಹೆಸರು ಬಂದಮೇಲೂ ತಾಯಿ ಅದನ್ನು ಬಿಚ್ಚಿ, ಅದರ ಕಾಗುಣಿತವನ್ನೂ ಅದೇ ಒತ್ತಿನ ಬೇರೆ ಹತ್ತು ಮಾತುಗಳನ್ನೂ ಬರೆಸುತ್ತಿದ್ದರು. ಪುನರ್ವಸು ಬಂದಾಗ ಪುಟ್ಟಿ ಅರ್ಕಾವತ್ತಿನ ಮೇಲೆ ಬೆರಳಿಟ್ಟು, “ಮೊದಲು ಹೇಳೋದನ್ನ ಆಮೇಲೆ ಯಾಕೆ ಬರೀತಾರೆ?” ಎಂದು ಕೇಳಿದಳು. ಕನ್ನಡದಲ್ಲಿ ಎಂ.ಎ. ಮಾಡಿದವರು ಕೂಡ ಈ ಪ್ರಶ್ನೆಗೆ ಒಂದು ನಿಮಿಷ ಕೆಮ್ಮಬೇಕಾಗುತ್ತದೆ. ಪುಷ್ಯ, ಆಶ್ಲೇಷ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ: ಮಳೆಗಾಲ ಕಳೆಯುವುದರೊಳಗೆ ಒತ್ತಕ್ಷರಗಳ ಒಂದು ಸೈನ್ಯವೇ ಆ ಮನೆಯನ್ನು ಹಾದುಹೋಯಿತು. ನಡುವೆ ಮಘೆ ಮಾತ್ರ ಒತ್ತಿಲ್ಲದೆ ಬಂದು ಮಗುವಿಗೆ ವಿಶ್ರಾಂತಿ ಕೊಟ್ಟಿತು. “ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು,” ಎಂದು ಅಜ್ಜಿ ಅಂದಾಗ, “ಮನೆಮಗಳು?” ಎಂದು ಪುಟ್ಟಿ ಕೇಳಿ ಎರಡನೆಯ ದೋಸೆ ಸಂಪಾದಿಸಿದಳು.

ಪುನರ್ವಸುವಿನಲ್ಲಿಯೇ ಕಡಲೇಕಾಯಿಯ ಪ್ರಕರಣ ನಡೆಯಿತು. ಡಬ್ಬಿಯಲ್ಲಿದ್ದ ಬೀಜಗಳನ್ನು ಪುಟ್ಟಿ ಯಾರಿಗೂ ಹೇಳದೆ ತುಳಸಿಯ ಕುಂಡದಲ್ಲಿ ಹೂತು ಎಂಟು ದಿನ ನೀರು ಹಾಕಿದಳು. ಏನೂ ಬರಲಿಲ್ಲ. ವಿಷಯ ಬಯಲಾದಾಗ ಅಜ್ಜಿ ಕಣ್ಣೀರು ಬರುವಂತೆ ನಕ್ಕರು: “ಹುರಿದ ಬೀಜ ಮೊಳೆಯುತ್ತದೇನೆ?” ಅಂಗಡಿಯಿಂದ ಹಸಿಯ ಬೀಜ ತರಿಸಿ, ಒಡೆದ ಬಕೆಟ್ಟಿಗೆ ಕೆಮ್ಮಣ್ಣು ಮರಳು ತುಂಬಿ, ಅಜ್ಜಿಯೇ ನಾಲ್ಕು ಬೀಜ ಊರಿದರು. ನಾಲ್ಕೂ ಮೊಳೆತವು. ಆಶ್ಲೇಷದ ವೇಳೆಗೆ ಹಳದಿ ಹೂಗಳು ಕಾಣಿಸಿಕೊಂಡವು.

ಹೂ ಬಂದ ಕಡೆ ಕಾಯಿ ಬರಬೇಕಷ್ಟೆ. ಪುಟ್ಟಿ ದಿನವೂ ಹೂವಿನ ಬುಡ ಪರೀಕ್ಷಿಸುತ್ತಿದ್ದಳು. ಹೂ ಬಾಡಿ, ಅದರ ಬುಡದಿಂದ ಹಸಿರು ಸೂಜಿಯಂಥದೊಂದು ಹೊರಟು, ಮೇಲಕ್ಕೆ ಹೋಗದೆ ನೆಲದ ಕಡೆಗೆ ಬಾಗಿತು. ಕೆಲವು ದಿನಗಳಲ್ಲಿ ಮಣ್ಣನ್ನು ಚುಚ್ಚಿ ಒಳಗೆ ಹೋಯಿತು. “ಅಮ್ಮಾ, ಇದು ಒಳಗೆ ಹೋಗ್ತಿದೆ!” ತಾಯಿ ಬಂದು ಬಕೆಟ್ಟಿನ ಮುಂದೆ ಮಂಡಿಯೂರಿ ಕುಳಿತರು. ಕುಳಿತವರು ಬಹಳ ಹೊತ್ತು ಏಳಲಿಲ್ಲ. ಈ ಗಿಡದ ಶಾಸ್ತ್ರೀಯ ನಾಮ ಅರಾಕಿಸ್ ಹೈಪೋಜಿಯ, ಎರಡನೆಯ ಪದಕ್ಕೆ ನೆಲದಡಿಯದು ಎಂಬ ಅರ್ಥ, ಮೂಲ ದಕ್ಷಿಣ ಅಮೆರಿಕ, ಎಲ್ಲವೂ ಅವರಿಗೆ ಕಂಠಪಾಠ. ಈ ಸೂಜಿಯ ಚಿತ್ರವನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದರು. ವಿದ್ಯಾರ್ಥಿಗಳಿಗೂ ಬರೆಸಿದ್ದರು. ಅದು ನೆಲಕ್ಕೆ ಇಳಿಯುವುದನ್ನು ಕಣ್ಣಾರೆ ಕಂಡದ್ದು ಮೂವತ್ತೈದನೆಯ ವಯಸ್ಸಿನಲ್ಲಿ, ಒಡೆದ ಬಕೆಟ್ಟಿನಲ್ಲಿ.

ಮಣ್ಣಿನೊಳಗೆ ಏನಾಗುತ್ತಿದೆಯೆಂದು ತಿಳಿಯದೆ ಪುಟ್ಟಿಗೆ ನಿದ್ರೆ ಬರಲಿಲ್ಲ. ಒಂದು ದಿನ ಒಂದು ಗಿಡವನ್ನು ಕಿತ್ತೇಬಿಟ್ಟಳು. ತಾಯಿಗೆ ಕೋಪ ಬಂತು. “ಬಿಡಮ್ಮ,” ಎಂದರು ಅಜ್ಜಿ, “ನಾಲ್ಕು ಹಾಕಿದ್ದು ಯಾಕೆ?” ಕಿತ್ತ ಗಿಡದಲ್ಲಿ ಸೂಜಿಯ ತುದಿ ಎಳ್ಳಿನಷ್ಟು ಊದಿತ್ತು. ಮೂರು ವಾರ ಬಿಟ್ಟು ಎರಡನೆಯದು. ಅದರಲ್ಲಿ ಬಿಳಿಯ ಎಳೆಗಾಯಿ, ಒಳಗೆ ನೀರು. ಮತ್ತೆ ಕೆಲವು ವಾರಕ್ಕೆ ಮೂರನೆಯದು. ಮಳೆ ಪುಸ್ತಕದ ‘ಕಂಡದ್ದು’ ಎಂಬ ಅಂಕಣದಲ್ಲಿ ಈ ಮೂರರ ಚಿತ್ರಗಳಿವೆ. ನಾಲ್ಕನೆಯ ಗಿಡವನ್ನು ಸ್ವಾತಿ ಮಳೆಯ ಹೊತ್ತಿಗೆ, ಎಲೆ ಹಳದಿಯಾದಮೇಲೆ, ಅಜ್ಜಿ ಕಿತ್ತರು. ಬಸವನಗುಡಿಯ ಕಡಲೇಕಾಯಿ ಪರಿಷೆ ಕಾರ್ತಿಕದ ಕಡೆಯ ಸೋಮವಾರವೇ ಏಕೆ ಸೇರುತ್ತದೆಂಬುದು ಆ ಬೀದಿಯಲ್ಲಿ ಹುಟ್ಟಿ ಬೆಳೆದ ಯಜಮಾನರಿಗೆ ಆಗ ಹೊಳೆಯಿತು. ಆ ವರ್ಷ ಪರಿಷೆ ಎಂದಿನಂತೆ ನೆರೆಯಲಿಲ್ಲ. ಒಂದು ಗಿಡದ ಹದಿನಾಲ್ಕು ಕಾಯಿಗಳನ್ನು ಬೇಯಿಸಿ ನಾಲ್ವರೂ ಹಂಚಿಕೊಂಡರು; ಮಿಕ್ಕ ಎರಡು ಪುಟ್ಟಿಗೆ.

ಇಷ್ಟನ್ನು ಕೇಳಿ, ಹಾಗಾದರೆ ಶಾಲೆಯ ಹಂಗೇ ಬೇಡವೆಂದು ಹೊರಡುವವರು ಸ್ವಲ್ಪ ತಡೆಯಬೇಕು. ಆ ಮನೆಯಲ್ಲಿ ಓದಿದ ತಾಯಿಯಿದ್ದರು, ಉದ್ಯೋಗ ಬಿಟ್ಟು ಕುಳಿತಿದ್ದರು. ಆ ಬಿಟ್ಟದ್ದರ ಲೆಕ್ಕವನ್ನು ಯಾವ ಪುಸ್ತಕದಲ್ಲಿಯೂ ಯಾರೂ ಬರೆಯಲಿಲ್ಲ. ತಿಂಗಳ ಸಂಬಳ ಬರುತ್ತಿತ್ತು. ತಾರಸಿಯಿತ್ತು. 2020ರ ಆಗಸ್ಟಿನಲ್ಲಿ ಆರಂಭವಾದ ‘ವಿದ್ಯಾಗಮ’ ಯೋಜನೆಯಲ್ಲಿ ಸರ್ಕಾರಿ ಶಾಲೆಗಳ ಉಪಾಧ್ಯಾಯರು ಹಳ್ಳಿಯ ಜಗಲಿ, ಗುಡಿಯ ಅಂಗಳಗಳಿಗೆ ತಾವೇ ಹೋಗಿ ಮಕ್ಕಳನ್ನು ಕಲೆಹಾಕಿ ಪಾಠ ಹೇಳಿದರಲ್ಲ, ಆ ಮಕ್ಕಳ ಮನೆಗಳಲ್ಲಿ ಮಳೆಯ ಹೆಸರು ಬಲ್ಲವರಿಗೆ ಕೊರತೆಯಿರಲಿಲ್ಲ. ಕುಳಿತು ಬರೆಸುವವರ ಕೊರತೆಯಿತ್ತು.

ಕೊರತೆ ಬಸವನಗುಡಿಯ ಮನೆಯಲ್ಲಿಯೂ ಇತ್ತು. ಅದು ಗೊತ್ತಾದದ್ದು ಉತ್ತರೆಯ ಒಂದು ರಾತ್ರಿ. ಹೊರಗೆ ಮಳೆ ಹಿಡಿದಿತ್ತು. ತಾಯಿ ಕಿಂದರಿಜೋಗಿಯನ್ನು ಓದುತ್ತಿದ್ದರು. ಇಲಿಗಳ ಭಾಗಕ್ಕೆ ಪುಟ್ಟಿ ಎಂದಿನಂತೆ ಹಾಸಿಗೆಯ ಮೇಲೆ ಕುಣಿದಳು. ಜೋಗಿಯ ಹಿಂದೆ ಊರ ಮಕ್ಕಳೆಲ್ಲ ಹೊರಟುಹೋಗಿ, ಕುಂಟ ಹುಡುಗನೊಬ್ಬ ಮಾತ್ರ ಉಳಿಯುವಲ್ಲಿ ಸುಮ್ಮನಾದಳು. ದೀಪ ಆರಿಸಿದ ಮೇಲೆ ಕತ್ತಲೆಯಲ್ಲಿ ಕೇಳಿದಳು: “ಅಮ್ಮ, ಆಮೇಲೆ ಅವನು ಯಾರ ಜೊತೆ ಆಡಿದ?”

“ಅವನ ಅಮ್ಮನ ಜೊತೆ,” ಎಂದರು ತಾಯಿ.

“ಅಮ್ಮನ ಜೊತೆ ಆಡೋದು ಆಟ ಅಲ್ಲ,” ಎಂದು ಪುಟ್ಟಿ ಮಗ್ಗುಲಾದಳು.

ತಾಯಿ ಆ ರಾತ್ರಿ ಮಲಗಿದ್ದು ತಡವಾಗಿ. ಮರುದಿನ ಎದುರು ಮನೆಯ ತಾಯಿಯೊಡನೆ ಗೇಟಿನ ಬಳಿ ದೂರ ನಿಂತು ಮಾತನಾಡಿದರು. ಅಂದಿನಿಂದ ಎದುರು ಮನೆಯ ತಾರಸಿಯಲ್ಲಿಯೂ ಒಂದು ಗಾಜಿನ ಪಾತ್ರೆ ಕುಳಿತಿತು. ಬೆಳಿಗ್ಗೆ ಎರಡು ಮನೆಯ ತಾರಸಿಗಳಿಂದ ಇಬ್ಬರು ಮಕ್ಕಳು ಮಿಲಿಮೀಟರುಗಳನ್ನು ಕೂಗಿ ಹೇಳುತ್ತಿದ್ದರು; ಒಂದೇ ಬೀದಿಯ ಮಳೆಯ ವಿಷಯದಲ್ಲಿ ಜಗಳವಾಡುತ್ತಿದ್ದರು. ಆ ಹುಡುಗ ಪಾತ್ರೆಗೆ ನಲ್ಲಿಯ ನೀರು ಬೆರೆಸುತ್ತಾನೆಂದು ಪುಟ್ಟಿಯ ಬಲವಾದ ಗುಮಾನಿ.

2021ರ ಜನವರಿಯಲ್ಲಿ ಅಜ್ಜಿಯ ಕಣ್ಣಿನ ಪೊರೆ ತೆಗೆಸಿದ್ದಾಯಿತು. ಎರಡನೆಯ ಅಲೆಯಿಂದಾಗಿ ಏಪ್ರಿಲ್ 27ರ ರಾತ್ರಿ ಕರ್ನಾಟಕ ಮತ್ತೆ ಬಾಗಿಲು ಹಾಕಿಕೊಂಡಿತು. ಆಗಲೂ ಭರಣಿ ಹುಟ್ಟುವ ಹೊತ್ತು. ಅಜ್ಜಿ ಪಂಚಾಂಗ ತೆಗೆದು, “ಓದು ನೋಡೋಣ ಪುಟ್ಟಿ, ಕನ್ನಡಕ ಎಲ್ಲಿಟ್ಟೆನೋ,” ಎಂದರು. ಕನ್ನಡಕ ಸೆರಗಿನ ಮಡಿಕೆಯಲ್ಲಿದ್ದುದನ್ನು ಸೊಸೆ ನೋಡಿದರು. ನೋಡಿ ಒಳಗೆ ಹೋದರು. ಪುಟ್ಟಿ ಈ ಸಲ ಭರಣಿಯಿಂದ ವಿಶಾಖೆಯವರೆಗೆ ಒಂದೇ ಉಸಿರಿಗೆ ಓದಿದಳು. ಅಷ್ಟು ಹೊತ್ತಿಗೆ ಅವಳು ಅಜ್ಜನ ಪೆಟ್ಟಿಗೆಯಲ್ಲಿದ್ದ ಹಳೆಯ ಚಂದಮಾಮಗಳಿಗೆ ಕೈ ಹಾಕಿ, ಬೇತಾಳನ ಪ್ರಶ್ನೆಗಳಿಗೆ ವಿಕ್ರಮನಿಗಿಂತ ಮೊದಲೇ ಉತ್ತರ ಹೇಳುವ ಹಂತಕ್ಕೆ ಬಂದಿದ್ದಳು.

ಆರು ವರ್ಷ ತುಂಬಿತ್ತು. ಆರರಿಂದ ಹದಿನಾಲ್ಕರವರೆಗಿನ ಮಕ್ಕಳಿಗೆ ಶಿಕ್ಷಣ ಹಕ್ಕೆಂದು 2009ರ ಕಾಯಿದೆ ಹೇಳುತ್ತದೆ. ಒಂದನೆಯ ತರಗತಿಗೆ ಹೆಸರು ಬರೆಸಿದರು. 2021ರ ಅಕ್ಟೋಬರ್ 25ರ ಸೋಮವಾರ ಕಿರಿಯ ಮಕ್ಕಳಿಗೆ ಶಾಲೆ ತೆರೆಯಿತು. ಸ್ವಾತಿ ಹುಟ್ಟಿ ಇನ್ನೂ ಒಂದೆರಡು ದಿನವಾಗಿತ್ತಷ್ಟೆ.

ಬೆಳಿಗ್ಗೆ ಬಾಚಿದ ಜಡೆ, ಹೊಸ ಚೀಲ, ಬಾಯಿಗೆ ಬಟ್ಟೆ. ಮೆಟ್ಟಿಲಿಳಿದ ಪುಟ್ಟಿ ಹಿಂದಕ್ಕೆ ಓಡಿಬಂದು ಮಳೆ ಪುಸ್ತಕವನ್ನು ಅಜ್ಜಿಯ ತೊಡೆಯ ಮೇಲಿಟ್ಟಳು. “ನಾನು ಬರೋವರೆಗೆ ನೀನು ಬರಿ.”

“ನಾನು ಬರೆಯೋದೇ? ಸಹಿ ಹಾಕೋದು ಬಿಟ್ಟು ಅರವತ್ತು ವರ್ಷದಿಂದ ಏನೂ ಬರೆದಿಲ್ಲ ಕಣೇ.”

“ಬರುತ್ತೆ ಅಜ್ಜಿ. ಮೊದಲು ಮೊರದಲ್ಲಿ ತಿದ್ದು.”

ಮಧ್ಯಾಹ್ನ ಮಗು ಹಿಂದಿರುಗಿದಾಗ ಪುಸ್ತಕ ಜಗಲಿಯ ಮೇಲೆ ತೆರೆದಿತ್ತು. ಪಕ್ಕದಲ್ಲಿ ಮೊರ. ಪುಟದಲ್ಲಿ ದೊಡ್ಡ ಸೊಟ್ಟ ಅಕ್ಷರಗಳಲ್ಲಿ ತಾರೀಖು; ಹೆಸರಿನ ಅಂಕಣದಲ್ಲಿ ‘ಸಾತಿ’; ನೀರಿನ ಅಂಕಣದಲ್ಲಿ ಸೊನ್ನೆ; ಕಂಡದ್ದು ಎಂಬಲ್ಲಿ ‘ಮೋಡ’.

ಪುಟ್ಟಿ ಚೀಲವನ್ನು ಬೆನ್ನಿನಿಂದ ಇಳಿಸುವ ಮೊದಲೇ ಬಗ್ಗಿ ನೋಡಿದಳು. “ಅಜ್ಜಿ, ಒತ್ತು ಮರೆತಿದ್ದೀಯ,” ಎಂದು ಪೆನ್ಸಿಲು ತೆಗೆದು ಸಕಾರದ ಕೆಳಗೆ ವಕಾರದ ಒತ್ತು ಹಾಕಿದಳು. ಅಷ್ಟರಲ್ಲಿ ಹೊರಗೆ ಪಟಪಟನೆ ಹನಿ ಬೀಳತೊಡಗಿತು, ಸೊನ್ನೆಯನ್ನೂ ಅಳಿಸಬೇಕಾಯಿತು.